ರ‍್ಯಾಂಕು, ಬಹುಮಾನಗಳ ಹಂಗಿಲ್ಲದೆ ವಿಡಿಯೋ ಗೇಮ್ ಆಡುವುದು ಹೇಗೆ?

ಪ್ರಶ್ನೆ
ಮಲ್ಲಂದೂರು ರಸ್ತೆ (ಚಿಕ್ಕಮಗಳೂರು):

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಬಾಗಿಲು ಹಾಕಿ ಮನೆಗೆ ಬಂದು ಊಟ ಮುಗಿಸಿದ ಮೇಲೆ, ಪಿಯುಸಿಯಲ್ಲಿ ಜೊತೆಗೆ ಓದಿದ ಮೂವರು ಗೆಳೆಯರೊಂದಿಗೆ ಫೋನಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ನಕ್ಷೆಯೊಂದರಲ್ಲಿ ಇಳಿದು ಕೊನೆಯವರೆಗೆ ಬದುಕುಳಿಯಬೇಕಾದ ಬಂದೂಕಿನ ಆಟ) ಆಡುವುದು ಬಹಳ ಕಾಲದಿಂದ ಬಂದ ರೂಢಿ. ಅವರಲ್ಲಿ ಒಬ್ಬ ಬೆಂಗಳೂರಿನಲ್ಲಿದ್ದಾನೆ, ಒಬ್ಬ ಮಂಗಳೂರಿನಲ್ಲಿದ್ದಾನೆ, ಇನ್ನೊಬ್ಬ ಕೊಪ್ಪದ ಹತ್ತಿರ ಮನೆಯ ಅಡಿಕೆ ತೋಟ ನೋಡಿಕೊಂಡಿದ್ದಾನೆ. ನಾಲ್ವರೂ ಒಟ್ಟಿಗೆ ಮಾತಿಗೆ ಸಿಗುವ ಜಾಗವೆಂದರೆ ಈ ಆಟವೊಂದೇ.

ಮೊದಮೊದಲು ಆಟದ ನಕ್ಷೆಯಲ್ಲಿ ಹೊಡೆದಾಟ ಜೋರಾಗಿರುವ ಪೊಚಿಂಕಿ ಎಂಬ ಊರಿನಲ್ಲಿ ಇಳಿದು ಎರಡೇ ನಿಮಿಷಕ್ಕೆ ಸತ್ತರೂ ನಗುತ್ತಾ ಇನ್ನೊಂದು ಮ್ಯಾಚ್ ಹಾಕುತ್ತಿದ್ದೆವು. ರ‍್ಯಾಂಕ್ ಪುಶ್ ಮಾಡಬೇಕೆಂಬ, ಅಂದರೆ ಮೇಲಿನ ಶ್ರೇಣಿಗೆ ಏರಲೇಬೇಕೆಂಬ ಹಟ ಹುಟ್ಟಿದ ಮೇಲೆ ಎಲ್ಲವೂ ಬದಲಾಗಿದೆ. ಈಗ ಯಾರೂ ಇಳಿಯದ ಮೂಲೆಯಲ್ಲಿ ಇಳಿದು, ಒಂದು ಮನೆಯೊಳಗೆ ಅಡಗಿ ಕುಳಿತು, ಕೊನೆಯ ಹತ್ತರೊಳಗೆ ಉಳಿದು ಪಾಯಿಂಟ್ ಪ್ಲಸ್ ಮಾಡಿಕೊಳ್ಳುವುದೇ ಆಟವಾಗಿಬಿಟ್ಟಿದೆ. ಕೊಪ್ಪದಲ್ಲಿ ಮಳೆ ಹಿಡಿದು ಕರೆಂಟು ಹೋಗಿ, ಅದರ ಬೆನ್ನಿಗೇ ನೆಟ್‌ವರ್ಕೂ ಹೋದರೆ, ಅಲ್ಲಿ ಎಲ್ಲ ಕ್ಷೇಮವೇ ಎಂದು ಯಾರೂ ಕೇಳುವುದಿಲ್ಲ. "ನಿನ್ನಿಂದ ಮೈನಸ್ ಆಯಿತು" ಎಂಬ ಸಿಟ್ಟಿನ ಮೆಸೇಜುಗಳು ಗ್ರೂಪಿನಲ್ಲಿ ಬೀಳುತ್ತವೆ. ಕ್ರೌನ್ ಶ್ರೇಣಿ ತಲುಪಿದ ದಿನ ಅದರ ಚಿತ್ರವನ್ನು ಸ್ಟೇಟಸ್‌ಗೆ ಹಾಕಿಕೊಂಡದ್ದು ಬಿಟ್ಟರೆ, ನಮ್ಮಲ್ಲಿ ಯಾರೊಬ್ಬರೂ ನಿಜವಾಗಿ ಸಂತೋಷಪಟ್ಟಂತೆ ನನಗೆ ಕಾಣಲಿಲ್ಲ. ಸೀಸನ್ (ಶ್ರೇಣಿ ಲೆಕ್ಕದ ಒಂದು ಅವಧಿ) ಮುಗಿಯುತ್ತಿದ್ದಂತೆ ಎಲ್ಲರೂ ಒಂದಷ್ಟು ಮೆಟ್ಟಿಲು ಕೆಳಗಿಳಿದೆವು, ಮತ್ತೆ ಹತ್ತತೊಡಗಿದೆವು.

ಇತ್ತ ನನ್ನ ಚಿಕ್ಕಪ್ಪನ ಮಗ, ಎಂಟನೆಯ ತರಗತಿಯ ಹುಡುಗ, ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ ಆಡುತ್ತಾನೆ. ಆಸಕ್ತರು ಮಾಡಿ ಹಂಚಿಕೊಂಡಿರುವ ಕೆಎಸ್‌ಆರ್‌ಟಿಸಿ ಬಣ್ಣದ ಸ್ಕಿನ್ನನ್ನು (ಹೊರಮೈಯ ವಿನ್ಯಾಸವನ್ನು) ಬಸ್ಸಿಗೆ ಹಾಕಿಕೊಂಡು, ಇಂಡೊನೇಷ್ಯಾದ ಊರುಗಳ ನಡುವೆ ಓಡಿಸುತ್ತಾ, "ಕಡೂರು, ಬೀರೂರು, ತರೀಕೆರೆ" ಎಂದು ತಾನೇ ಕಂಡಕ್ಟರಾಗಿ ಕೂಗುತ್ತಾನೆ. ತಿರುವು ಬಂದರೆ ತಪ್ಪದೆ ಇಂಡಿಕೇಟರ್ ಹಾಕುತ್ತಾನೆ. ನಿಲ್ದಾಣದಲ್ಲಿ ಬಸ್ಸು ಓರೆಯಾಗಿ ನಿಂತರೆ ಹಿಂದಕ್ಕೆ ತೆಗೆದು ನೇರ ಮಾಡುತ್ತಾನೆ. ಟ್ರಿಪ್ಪಿಗೆ ಎಷ್ಟು ಹಣ ಬಂತೆಂದು ತಿರುಗಿಯೂ ನೋಡುವುದಿಲ್ಲ.

ನನಗೆ ತಿಳಿಯಬೇಕಾದದ್ದು ಎರಡು. ರ‍್ಯಾಂಕು, ಬಹುಮಾನಗಳನ್ನು ಬಿಟ್ಟರೆ ನಾವು ಆಡುವಂಥ ಆಟದಲ್ಲಿ ಉಳಿಯುವುದಾದರೂ ಏನು? ಮತ್ತು ಗೆಳೆಯರನ್ನು ಕಳೆದುಕೊಳ್ಳದೆ ಆ ಪೈಪೋಟಿಯಿಂದ ಹೊರಗೆ ಬರುವುದು ಹೇಗೆ?

ಉತ್ತರ
ಹೇಮಾವತಿ ದಂಡೆ (ಹಾಸನ):

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬೇಕಾದರೆ ರ‍್ಯಾಂಕ್ ಎಂಬುದು ಎಲ್ಲಿಂದ ಬಂತು, ಅದನ್ನು ಯಾವ ಉಪಯೋಗಕ್ಕೆಂದು ಮಾಡಿದರು ಎಂಬಲ್ಲಿಂದ ಹೊರಡಬೇಕು. ಆನ್‌ಲೈನ್ ಆಟಗಳಲ್ಲಿ ಕಾಣುವ ಅನೇಕ ಅಂಕಪದ್ಧತಿಗಳ ಮೂಲ ಚೆಸ್. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಏಲೋ ರೂಪಿಸಿದ ಪದ್ಧತಿಯನ್ನು ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲಿಯೂ ಅಂತಾರಾಷ್ಟ್ರೀಯ ಸಂಸ್ಥೆಯಾದ ಫಿಡೆ 1970ರಲ್ಲಿಯೂ ಒಪ್ಪಿಕೊಂಡವು. ಅದರ ಪ್ರಕಾರ, ಇಬ್ಬರ ಅಂಕ ಸಮವಾಗಿದ್ದರೆ ಇಬ್ಬರಿಗೂ ಸಮಾನ ಅವಕಾಶ. ಒಬ್ಬರಿಗೆ 200 ಅಂಕ ಹೆಚ್ಚಿದ್ದರೆ ಅವರಿಂದ ಸುಮಾರು ಶೇಕಡ 76ರಷ್ಟು, 400 ಹೆಚ್ಚಿದ್ದರೆ ಸುಮಾರು ಶೇಕಡ 91ರಷ್ಟು ಫಲವನ್ನು (ಗೆಲುವಿಗೆ ಒಂದು, ಡ್ರಾಗೆ ಅರ್ಧ ಎಂಬ ಲೆಕ್ಕದಲ್ಲಿ) ನಿರೀಕ್ಷಿಸಬಹುದು. ನಿರೀಕ್ಷೆಗಿಂತ ಚೆನ್ನಾಗಿ ಆಡಿದವರ ಅಂಕ ಏರುತ್ತದೆ, ಉಳಿದವರದು ಇಳಿಯುತ್ತದೆ.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಿ ನೋಡಿ. ಆನ್‌ಲೈನ್ ಆಟವು ಈ ಅಂಕವನ್ನು ಸರಿಸಮನಾದ ಎದುರಾಳಿಯನ್ನು ಹುಡುಕಿಕೊಡುವುದಕ್ಕೆ ಬಳಸುತ್ತದೆ. ನೀವು ಏರಿದಷ್ಟೂ ಎದುರಿಗೆ ಬರುವವರು ಬಲಿಷ್ಠರಾಗುತ್ತಾರೆ. ಒಬ್ಬರೆದುರು ಒಬ್ಬರು ಆಡುವ ಆಟದಲ್ಲಾದರೆ, ಎಷ್ಟೇ ಕಲಿತರೂ ಕೊನೆಗೆ ಅರ್ಧ ಗೆದ್ದು ಅರ್ಧ ಸೋಲುವ ಕಡೆಗೇ ಅದು ನಿಮ್ಮನ್ನು ಎಳೆಯುತ್ತದೆ. ಆದ್ದರಿಂದ, ಮೇಲಿನ ಶ್ರೇಣಿಗೆ ಹೋದರೆ ಆಟ ಹಗುರಾಗುತ್ತದೆ, ಗೆಲುವು ಹೆಚ್ಚುತ್ತದೆ, ಸಂತೋಷವೂ ಹೆಚ್ಚುತ್ತದೆ ಎಂಬ ಆಸೆಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಕ್ರೌನ್ ತಲುಪಿದ ದಿನ ನಿಮಗೆ ಏನೂ ಅನ್ನಿಸದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನು ನೀವು ಆಡುವ ಆಟದಲ್ಲಿ ಈ ಅಳತೆಯ ಮೇಲೆ ಬೇರೆ ಸಂಗತಿಗಳೂ ಸೇರಿಕೊಂಡಿವೆ. ಒಂದು ಮ್ಯಾಚಿನಲ್ಲಿ ಸುಮಾರು ನೂರು ಮಂದಿ ಇಳಿಯುತ್ತಾರೆ. ಹೆಚ್ಚು ಹೊತ್ತು ಬದುಕಿದ್ದಷ್ಟೂ ಅಂಕ ಬರುವುದರಿಂದ ಅಡಗಿ ಕುಳಿತವರಿಗೂ ಏಣಿ ಸಿಗುತ್ತದೆ. ಅತ್ಯುನ್ನತವಾದ ಕಾಂಕರರ್ ಶ್ರೇಣಿ ಮೊದಲ 500 ಮಂದಿಗೆ ಮಾತ್ರ ಮೀಸಲು, ಅಂದರೆ ಲಕ್ಷಾಂತರ ಜನ ಎಷ್ಟು ಚೆನ್ನಾಗಿ ಆಡಿದರೂ ಆ ಸಂಖ್ಯೆ ಹಿಗ್ಗುವುದಿಲ್ಲ. ಆಟ ಪುಕ್ಕಟೆ ಸಿಗುವುದರಿಂದ, ಕಂಪನಿಯ ಆದಾಯ ಬರುವುದು ಬಟ್ಟೆ, ಬಂದೂಕಿನ ಸ್ಕಿನ್, ಸೀಸನ್ನಿನ ಬಹುಮಾನಗಳನ್ನು ತೆರೆದುಕೊಡುವ ರಾಯಲ್ ಪಾಸ್‌ಗಳಿಂದ. ಅವು ಮಾರಾಟವಾಗಬೇಕಾದರೆ ಜನ ದಿನವೂ ಬಂದು ಹೋಗುತ್ತಿರಬೇಕು. ಸೀಸನ್ ಮುಗಿದಾಗ ಶ್ರೇಣಿ ಇಳಿಸುವುದು, ಆಯಾ ದಿನದ ಮಿಷನ್ ಕೊಡುವುದು, ಲಾಗಿನ್ ಆದದ್ದಕ್ಕೇ ಉಡುಗೊರೆ ಕೊಡುವುದು, ಎಲ್ಲವೂ ಈ ಅಗತ್ಯದಿಂದ ಹುಟ್ಟಿದವು. ಇದನ್ನು ನಾನು ಮೋಸ ಎಂದು ಕರೆಯುವುದಿಲ್ಲ. ಆದರೆ ಅದು ಅವರ ವ್ಯಾಪಾರದ ಕ್ಯಾಲೆಂಡರು. ನಮ್ಮ ಬಿಡುವಿನ ಸಮಯವನ್ನು ಆ ಕ್ಯಾಲೆಂಡರಿಗೆ ಹೊಂದಿಸಿಕೊಳ್ಳುವ ಬಾಧ್ಯತೆ ನಮಗಿಲ್ಲ.

ರ‍್ಯಾಂಕನ್ನು ಬಿಟ್ಟರೆ ಏನು ಉಳಿಯುತ್ತದೆ ಎಂದು ಕೇಳಿದ್ದೀರಿ. ಹಾಸನದಲ್ಲಿ ಸೈಬರ್ ಸೆಂಟರುಗಳು ಹೊಸದಾಗಿ ಬಂದ ಕಾಲದಲ್ಲಿ ನಾವು ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಬೈಕ್ ರೇಸಿನ ಆಟವಾದ ರೋಡ್ ರ‍್ಯಾಶ್ ಆಡುತ್ತಿದ್ದೆವು. ಅದರಲ್ಲಿಯೂ ರೇಸು ಇತ್ತು, ಗೆದ್ದರೆ ಹಣವಿತ್ತು, ಹೊಸ ಬೈಕುಗಳಿದ್ದವು. ಆದರೆ ಮುಂದಿದ್ದವನು ಬೇಕೆಂದೇ ವೇಗ ಇಳಿಸಿ, ಹಿಂದೆ ಬರುವ ಪೊಲೀಸನ ಪಕ್ಕಕ್ಕೆ ಬೈಕು ತಂದು ಒದೆಯುವುದನ್ನು ನೋಡಲು ಬೆನ್ನ ಹಿಂದೆ ನಾಲ್ಕೈದು ಜನ ನಿಂತಿರುತ್ತಿದ್ದರು. ಗೆದ್ದವರು ಯಾರೆಂದು ಈಗ ಯಾರಿಗೂ ನೆನಪಿಲ್ಲ, ಆ ಒದೆತ ನೆನಪಿದೆ. ನಿಮ್ಮ ಆಟದಲ್ಲಿಯೂ ಅಂಥದ್ದು ಇದ್ದೇ ಇರುತ್ತದೆ: ವಿಮಾನದಿಂದ ಜಿಗಿದು ಊರಿನ ಮೇಲೆ ತೇಲುವ ಕ್ಷಣ, ನಾಲ್ವರನ್ನು ಜೀಪಿಗೆ ಹತ್ತಿಸಿಕೊಂಡು ಗುಡ್ಡ ಇಳಿಯುವುದು, ದೂರದ ಸದ್ದು ಕೇಳಿ ಇದು ಯಾವ ಬಂದೂಕು, ಯಾವ ದಿಕ್ಕು ಎಂದು ಗುರುತಿಸುವುದು. ಇವುಗಳಲ್ಲಿ ನಿಮಗೆ ಯಾವುದು ಪ್ರಿಯ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಆಮೇಲೆ ರ‍್ಯಾಂಕ್ ಲೆಕ್ಕಕ್ಕೆ ಬಾರದ ಅನ್‌ರ‍್ಯಾಂಕ್ಡ್ ಮೋಡಿನಲ್ಲಿ ಅದನ್ನೇ ಮನಸಾರೆ ಮಾಡಿ. ಅಲ್ಲಿ ಯಾವುದೂ ಹಿಡಿಸಲಿಲ್ಲವೆಂದರೆ ಆ ಆಟದಲ್ಲಿ ನಿಮಗೆ ಬೇಕಾಗಿದ್ದದ್ದು ಏಣಿ ಮಾತ್ರ ಎಂದಾಗುತ್ತದೆ. ಆಗ ಬೇರೆ ಆಟ ಹುಡುಕುವುದೇ ಒಳ್ಳೆಯದು.

ಉತ್ತರ
ಕಾಫಿ ಹೂವು (ಸಕಲೇಶಪುರ):

ಹಾಸನದ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬೇರೆ ಆಟಕ್ಕೆ ಹೋದ ಮಾತ್ರಕ್ಕೆ ಸಮಸ್ಯೆ ಬಗೆಹರಿಯುತ್ತದೆಂದು ನನಗನ್ನಿಸುವುದಿಲ್ಲ, ಏಕೆಂದರೆ ಪೈಪೋಟಿಯೇ ಇಲ್ಲದ ಆಟವನ್ನೂ ಪೈಪೋಟಿಯನ್ನಾಗಿ ಮಾಡಿಕೊಳ್ಳುವ ಗುಣ ನಮ್ಮಲ್ಲಿಯೇ ಇದೆ.

ನಾನು ಲ್ಯಾಪ್‌ಟಾಪಿನಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಆಡುತ್ತೇನೆ. ಎರಿಕ್ ಬರೋನ್ ಎಂಬುವರು ಚಿತ್ರ, ಸಂಗೀತ, ಕಥೆ, ಪ್ರೋಗ್ರಾಮ್ ಎಲ್ಲವನ್ನೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕುಳಿತು ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಆಟ ಅದು. ಪಟ್ಟಣದ ನೌಕರಿ ಬಿಟ್ಟು ಅಜ್ಜ ಬಿಟ್ಟುಹೋದ ಪಾಳು ಜಮೀನಿಗೆ ಬಂದು ಬೇಸಾಯ ಮಾಡುವುದು ಅದರ ವಸ್ತು. ಅಲ್ಲಿ ಶ್ರೇಣಿಯಿಲ್ಲ, ಎದುರಾಳಿಯಿಲ್ಲ. ಹಾಗಿದ್ದರೂ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವುದು ಯಾವ ಬೆಳೆಗೆ ದಿನವೊಂದಕ್ಕೆ ಎಷ್ಟು ಲಾಭ ಎಂಬ ಕೋಷ್ಟಕಗಳೇ. ಅವನ್ನು ಪಕ್ಕದಲ್ಲಿಟ್ಟುಕೊಂಡು ಆಡುವವರು ಮಳೆಯ ದಿನವನ್ನು ಕೂಡ ನೋಡುವುದಿಲ್ಲ. ನೀರು ಹಾಕುವ ಕೆಲಸ ಉಳಿಯಿತು, ಆ ಹೊತ್ತಿನಲ್ಲಿ ಗಣಿಗೆ ಇಳಿಯಬಹುದು ಎಂದಷ್ಟೇ ನೋಡುತ್ತಾರೆ.

ಆ ಆಟದಲ್ಲಿ ಕಾಫಿಯೂ ಇದೆ. ಬೀಜ ಹಾಕಿದ ಹತ್ತು ದಿನಕ್ಕೆ ಗಿಡ ಫಸಲಿಗೆ ಬಂದು, ಆಮೇಲೆ ಎರಡು ದಿನಕ್ಕೊಮ್ಮೆ ಬೀಜ ಕೊಡುತ್ತದೆ. ವಸಂತ ಮತ್ತು ಬೇಸಿಗೆ ಎರಡೂ ಋತುಗಳಲ್ಲಿ ಬೆಳೆಯುತ್ತದೆ. ನಮ್ಮ ಮನೆಯ ಹಿಂದೆ ಅರೇಬಿಕಾ ಗಿಡ ನೆಟ್ಟರೆ ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು, ಅದೂ ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಸರಿಯಾದ ಹೊತ್ತಿಗೆ ಬಂದರೆ. ಲಾಭದ ಕೋಷ್ಟಕ ನೋಡುವ ಬದಲು ನಾನು ಆಟದ ಜಮೀನಿನಲ್ಲಿ ನಮ್ಮ ತೋಟದ ಹಾಗೆಯೇ ಮರಗಳ ನಡುವೆ ಕಾಫಿ ಹಾಕಿ, ದಾರಿ ಬಿಟ್ಟು, ಬೇಲಿ ಕಟ್ಟಿ, ಅಂಗಳದಂಥ ಒಂದು ಜಾಗ ಮಾಡಿಕೊಂಡಿದ್ದೇನೆ. ಕೊಯ್ಯುವುದಕ್ಕೆ ಅದು ಅನುಕೂಲವಲ್ಲ, ಆಟದ ಲೆಕ್ಕದಲ್ಲಿ ಅದರಿಂದ ನಷ್ಟವೂ ಹೌದು. ನನ್ನ ಮಾವನವರು ಒಂದು ಸಂಜೆ ಹಿಂದೆ ನಿಂತು ನೋಡಿ, "ಆ ಸಾಲಿಗೆ ನೆರಳು ಸಾಲದು ಕಣಮ್ಮ" ಎಂದರು. ನಾನು ಮರುದಿನ ಇನ್ನೆರಡು ಮರ ನೆಟ್ಟೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮೂರನೆಯ ವರ್ಷದ ಮೊದಲ ದಿನ ಅಜ್ಜನ ಆತ್ಮ ಬಂದು ನಿಮ್ಮ ಕೆಲಸವನ್ನು ಅಳೆದು, ಹೆಚ್ಚೆಂದರೆ ನಾಲ್ಕು ದೀಪ ಹಚ್ಚುತ್ತದೆ. ಅನೇಕರು ಈ ನಾಲ್ಕು ದೀಪಗಳಿಗಾಗಿಯೇ ಎರಡು ವರ್ಷ ಓಡುತ್ತಾರೆ. ಆದರೆ ಅಷ್ಟಕ್ಕೆ ಆಟ ಮುಗಿಯುವುದಿಲ್ಲ. ಬೇಕೆನಿಸಿದಾಗ ಮತ್ತೆ ಅಳೆಯಿಸಿಕೊಳ್ಳಲೂ ಅವಕಾಶವಿದೆ. ಆಟ ಮಾಡಿದವರೇ ಅಷ್ಟು ಸಡಿಲ ಬಿಟ್ಟಿರುವಾಗ ಅದನ್ನು ನಾವಾಗಿ ಬಿಗಿ ಮಾಡಿಕೊಳ್ಳುವುದು ಯಾತಕ್ಕೆ? ಹೊಸದಾಗಿ ಆಡುವವರಿಗೆ ನನ್ನ ಒಂದೇ ವಿನಂತಿ, ಮೊದಲ ಒಂದು ವರ್ಷವಾದರೂ, ಅಂದರೆ ಆಟದ 112 ದಿನಗಳಾದರೂ, ಯಾವ ಮಾರ್ಗದರ್ಶಿಯನ್ನೂ ತೆರೆಯದೆ ಆಡಿ.

ಉತ್ತರ
ಕುದುರೆ ನಡೆ (ಅರಸೀಕೆರೆ):

ನನ್ನದು ಸ್ವಲ್ಪ ಭಿನ್ನವಾದ ಅಭಿಪ್ರಾಯ. ಇಲ್ಲಿ ಎಲ್ಲರೂ ಪೈಪೋಟಿ ಬೇರೆ, ಸಂತೋಷ ಬೇರೆ ಎಂಬಂತೆ ಬರೆಯುತ್ತಿದ್ದೀರಿ. ನನಗೆ ಎದುರಾಳಿಯನ್ನು ಸೋಲಿಸುವುದರಲ್ಲಿಯೇ, ಅದಕ್ಕಿಂತಲೂ ಹೆಚ್ಚಾಗಿ ಸೋಲಿಸಲು ಕಷ್ಟವಾದ ಎದುರಾಳಿ ಸಿಗುವುದರಲ್ಲಿಯೇ ಸಂತೋಷವಿದೆ. ನಮ್ಮೂರಿನ ಜಾತ್ರೆಯ ಕಬಡ್ಡಿಯನ್ನು ಅಂಕ ಎಣಿಸದೆ ಆಡಿದರೆ ನೋಡಲು ಯಾರು ನಿಲ್ಲುತ್ತಾರೆ? ಅಂಕ ಎಣಿಸುವುದನ್ನೇ ದೂರುವುದು ಸರಿಯಲ್ಲ.

ನಾನು ಲಿಚೆಸ್ ತಾಣದಲ್ಲಿ ಚೆಸ್ ಆಡುತ್ತೇನೆ. ಜಾಹೀರಾತಿಲ್ಲದ, ಹಣ ಕೇಳದ, ದೇಣಿಗೆಯಿಂದ ನಡೆಯುವ ತಾಣ ಅದು. ಅಲ್ಲಿಯೂ ರೇಟಿಂಗ್ ಇದೆ, ಮತ್ತು ಅದು ಇರುವುದರಿಂದಲೇ ನನಗೆ ಕೆಲವೇ ಸೆಕೆಂಡುಗಳಲ್ಲಿ ನನ್ನಷ್ಟೇ ಬಲ್ಲ ಅಪರಿಚಿತರೊಬ್ಬರು ಎದುರಿಗೆ ಸಿಗುತ್ತಾರೆ. ರೇಟಿಂಗ್ ತೆಗೆದುಬಿಟ್ಟರೆ ಒಮ್ಮೆ ಎಳೆ ಮಗು, ಒಮ್ಮೆ ಗ್ರ್ಯಾಂಡ್‌ಮಾಸ್ಟರ್ ಸಿಕ್ಕು ಎರಡೂ ಕಡೆ ಆಟ ಕೆಡುತ್ತದೆ.

ಆದರೂ ಆ ಸಂಖ್ಯೆ ಕಣ್ಣೆದುರಿಗೆ ಇರಲೇಬೇಕೆಂದೇನೂ ಇಲ್ಲ. ಲಿಚೆಸ್‌ನ ಪ್ರಿಫರೆನ್ಸಸ್‌ನಲ್ಲಿ ಆಟಗಾರರ ರೇಟಿಂಗ್ ತೋರಿಸಬೇಡ ಎಂದು ಆರಿಸಿಕೊಳ್ಳಬಹುದು; ಜ಼ೆನ್ ಮೋಡ್ ಹಾಕಿದರೆ ಆಡುವಾಗ ಹಲಗೆ, ಕಾಯಿ, ಗಡಿಯಾರ ಬಿಟ್ಟು ಹೆಚ್ಚಿನದೇನೂ ಕಾಣುವುದಿಲ್ಲ. ಒಳಗೆ ಲೆಕ್ಕ ನಡೆಯುತ್ತಲೇ ಇರುತ್ತದೆ, ಸರಿಸಮನಾದ ಜೋಡಿಯೂ ಸಿಗುತ್ತಲೇ ಇರುತ್ತದೆ. ನಾನು ಹೀಗೆ ಮಾಡಿಕೊಂಡ ಮೇಲೆ ಎದುರಾಳಿಯ ಸಂಖ್ಯೆ ನೋಡಿ ಹೆದರಿ ಕಾಯಿಗಳನ್ನು ಹಿಂದಕ್ಕೆ ಎಳೆದುಕೊಳ್ಳುವುದು ನಿಂತಿತು. ಮೊದಲಾದರೆ ಐವತ್ತು ಅಂಕ ಹೆಚ್ಚಿದ್ದವರೆದುರು ಆನೆ ಬಲಿಕೊಡುವ ಧೈರ್ಯವೇ ಬರುತ್ತಿರಲಿಲ್ಲ. ಈಗ ನಡೆ ಸರಿಯೆನಿಸಿದರೆ ಕೊಡುತ್ತೇನೆ. ರ‍್ಯಾಂಕ್ ಯಂತ್ರಕ್ಕೆ ಬೇಕು, ಆಡುವವರಿಗೆ ಅದನ್ನು ದಿನವೂ ನೋಡುವ ಅಗತ್ಯವಿಲ್ಲ. ಎಲ್ಲ ಆಟಗಳವರೂ ಇಂಥ ಒಂದು ಗುಂಡಿಯನ್ನು ಕೊಡಬೇಕೆಂದು ನಾವು ಕೇಳಬೇಕು.

ಉತ್ತರ
ಹೇಮಾವತಿ ದಂಡೆ (ಹಾಸನ):

ಕುದುರೆ ನಡೆ ಅವರೇ, ನೀವು ಹೇಳಿದ್ದು ಸರಿ. ನಾನು ಅಳತೆಯನ್ನು ವಿರೋಧಿಸಿದ್ದಲ್ಲ. ಅಳತೆಯನ್ನೇ ಗುರಿ ಮಾಡಿಕೊಂಡು, ಆಡುವ ರೀತಿಯನ್ನು ಅದಕ್ಕಾಗಿ ಬದಲಿಸಿಕೊಳ್ಳುವುದನ್ನು ಕುರಿತು ಹೇಳಿದೆ. ನಿಮ್ಮ ಆನೆಯ ಬಲಿ ಅದಕ್ಕೆ ನನ್ನ ರೋಡ್ ರ‍್ಯಾಶ್‌ಗಿಂತ ಒಳ್ಳೆಯ ಉದಾಹರಣೆ. ನಿಮಗೆ ಸಿಗುವ ಸಂತೋಷ ಒಳ್ಳೆಯ ನಡೆಯಿಂದ ಬರುತ್ತದೆ. ಆ ನಡೆಯನ್ನು ತಡೆಯುತ್ತಿದ್ದದ್ದು ಕಣ್ಣಿಗೆ ಕಾಣುತ್ತಿದ್ದ ಸಂಖ್ಯೆ. ಮನೆಯೊಳಗೆ ಅಡಗಿ ಕುಳಿತು ಪ್ಲಸ್ ಮಾಡಿಕೊಳ್ಳುವ ನಾಲ್ವರು ಗೆಳೆಯರಿಗೂ ಆಗಿರುವುದು ಇದೇ.

ಉತ್ತರ
ಶಾಲೆಯ ಗಂಟೆ (ಮೂಡಿಗೆರೆ):

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಗೇಮ್ ಆಡುವವಳಲ್ಲ, ಆಡುವ ಮಕ್ಕಳನ್ನು ನೋಡುವವಳು. ಬಹುಮಾನದ ವಿಷಯದಲ್ಲಿ ನಮಗೆ ತರಬೇತಿಯ ಕಾಲದಿಂದಲೂ ಹೇಳಿಕೊಡುವ ಒಂದು ಪ್ರಯೋಗವನ್ನು ಇಲ್ಲಿ ನೆನಪಿಸುವುದು ಉಪಯುಕ್ತ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವದು. ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸಲು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿ, ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ರಿಬ್ಬನ್ನು ಅಂಟಿಸಿದ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಕೊಟ್ಟರು. ಎರಡನೆಯ ಗುಂಪಿಗೆ ಹೇಳದೆ, ಬಿಡಿಸಿ ಮುಗಿದ ಮೇಲೆ ಅದನ್ನೇ ಕೊಟ್ಟರು. ಮೂರನೆಯವರಿಗೆ ಏನೂ ಇಲ್ಲ. ಕೆಲವು ದಿನಗಳ ನಂತರ ತರಗತಿಯಲ್ಲಿ ಅದೇ ಪೆನ್ನುಗಳನ್ನು ಸುಮ್ಮನೆ ಇಟ್ಟಾಗ, ಮೊದಲೇ ಮಾತು ಕೊಟ್ಟು ಬಹುಮಾನ ಪಡೆದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು.

ಇದನ್ನು ಹೇಳುವಾಗ ಎರಡನೆಯ ಗುಂಪನ್ನು ಬಹಳ ಜನ ಮರೆತುಬಿಡುತ್ತಾರೆ. ಎದುರುನೋಡದೆ ಬಹುಮಾನ ಪಡೆದ ಮಕ್ಕಳ ಆಸಕ್ತಿ ಕುಗ್ಗಲಿಲ್ಲ. ಅಂದರೆ ಬಹುಮಾನ ತಾನೇ ವಿಷವಲ್ಲ. "ಇದನ್ನು ಮಾಡಿದರೆ ಅದನ್ನು ಕೊಡುತ್ತೇವೆ" ಎಂಬ ಕರಾರು ಇಷ್ಟದ ಕೆಲಸವನ್ನು ಕೂಲಿಯನ್ನಾಗಿ ಮಾಡುತ್ತದೆ. ನನ್ನ ಅಕ್ಕನ ಮಗ ಆಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದಾಗ ಈ ವ್ಯತ್ಯಾಸ ನನಗೆ ಸ್ಪಷ್ಟವಾಗಿ ಕಂಡಿತು. ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಆಡುವ ಯಂತ್ರದ ಜೊತೆಗೆ 2005ರಲ್ಲಿ ಬಂದ ಅಚೀವ್‌ಮೆಂಟ್ ಎಂಬ ಪದ್ಧತಿ ಈಗ ಎಲ್ಲೆಡೆ ಇದೆಯಷ್ಟೆ; ಅವನು ಯಾವುದೋ ಗುಹೆಯನ್ನು ತನ್ನ ಪಾಡಿಗೆ ಹುಡುಕಿಕೊಂಡು ಹೋಗಿ, ಪರದೆಯ ಮೂಲೆಯಲ್ಲಿ ಒಂದು ಪದಕ ತಾನಾಗಿ ಮೂಡಿದಾಗ ಹಿಗ್ಗಿದ. ಅದೇ ಹುಡುಗ, ಇಂದಿನ ಮಿಷನ್ ಎಂಬ ಪಟ್ಟಿ ತೆರೆದಾಗ ಮುಖ ಗಂಟಿಕ್ಕಿಕೊಂಡು ಒಂದೊಂದನ್ನೇ ಮುಗಿಸಿ, ಮುಗಿಯಿತಲ್ಲ ಎಂದು ಫೋನು ಕೆಳಗಿಟ್ಟ.

ಹಣ ಕೊಟ್ಟು ತೆರೆಯುವ, ಒಳಗೆ ಏನಿದೆ ಎಂದು ಗೊತ್ತಿಲ್ಲದ ಲೂಟ್ ಬಾಕ್ಸುಗಳ ಮಾತು ಬೇರೆಯೇ. ಬೆಲ್ಜಿಯಂ ದೇಶ 2018ರಲ್ಲಿಯೇ ಅಂಥವನ್ನು ಜೂಜೆಂದು ಪರಿಗಣಿಸಿತು. ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗಳನ್ನೂ ಮನರಂಜನೆಯ ಆಟಗಳನ್ನೂ ಪ್ರತ್ಯೇಕವಾಗಿ ನೋಡುತ್ತದೆ. ಪೋಷಕರು ಈ ವ್ಯತ್ಯಾಸವನ್ನು ತಿಳಿದಿರಬೇಕು. ಬಹುಪಾಲು ಪೋಷಕರು ನನ್ನ ಹತ್ತಿರ ಬಂದು ಎಷ್ಟು ಹೊತ್ತು ಆಡುತ್ತಾನೆ ಎಂದು ಮಾತ್ರ ದೂರುತ್ತಾರೆ. ಆಟದಲ್ಲಿ ಇವತ್ತು ಏನು ಮಾಡಿದೆ ಎಂದು ಮಗುವನ್ನು ಕೇಳಿದವರು ಕಡಿಮೆ. ಕೇಳಿ ನೋಡಿ. ಕಟ್ಟಿದ್ದನ್ನು, ಕಂಡದ್ದನ್ನು, ಗೆಳೆಯನ ಜೊತೆ ನಡೆದದ್ದನ್ನು ಮಗು ವಿವರಿಸಿದರೆ ಅದು ಆಡುತ್ತಿದೆ. ಎಷ್ಟು ಪಾಯಿಂಟ್, ಎಷ್ಟು ಡೈಮಂಡ್ ಎಂದಷ್ಟೇ ಹೇಳಿದರೆ ಸ್ವಲ್ಪ ಪಕ್ಕದಲ್ಲಿ ಕುಳಿತು ಗಮನಿಸಬೇಕು.

ಪ್ರಶ್ನೆ ಕೇಳಿದ ತಮ್ಮನಿಗೆ ಒಂದು ಮಾತು. ಗೆಳೆಯರ ಮುಂದೆ "ಇನ್ನು ರ‍್ಯಾಂಕ್ ಬೇಡ" ಎಂದು ಉಪದೇಶ ಮಾಡಲು ಹೋಗಬೇಡಿ, ಅದು ಜಗಳಕ್ಕೆ ತಿರುಗುತ್ತದೆ. ವಾರದಲ್ಲಿ ಒಂದು ರಾತ್ರಿಯನ್ನು ಬೇರೆ ಬಗೆಯ ಆಟಕ್ಕೆ ಎಂದು ಇಟ್ಟುಕೊಳ್ಳೋಣ ಎಂದು ಕೇಳಿ. ಏನು ಆಡಬೇಕೆಂದು ಪ್ರತಿ ವಾರವೂ ಒಬ್ಬೊಬ್ಬರು ಆರಿಸಲಿ.

ಪ್ರತಿಕ್ರಿಯೆ
ಮಲ್ಲಂದೂರು ರಸ್ತೆ (ಚಿಕ್ಕಮಗಳೂರು):

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಮೂಡಿಗೆರೆಯ ಮೇಡಂ ಹೇಳಿದಂತೆಯೇ ಗ್ರೂಪಿನಲ್ಲಿ ಕೇಳಿದೆ. ಬೆಂಗಳೂರಿನವನು ಕ್ರೌನ್‌ಗಿಂತ ಮೇಲಿನ ಏಸ್ ಶ್ರೇಣಿ ತಲುಪುವ ತನಕ ನಿಲ್ಲಿಸುವುದಿಲ್ಲ ಎಂದ. ಅದು ಅವನಿಗೆ ನಿಜವಾಗಿಯೂ ಇಷ್ಟ ಎಂದು ಅರಸೀಕೆರೆಯವರ ಬರಹ ಓದಿದ ಮೇಲೆ ನನಗೂ ಅರ್ಥವಾಗಿದ್ದರಿಂದ ವಾದ ಮಾಡಲಿಲ್ಲ. ಅವನು ರ‍್ಯಾಂಕಿಗಾಗಿ ಬೇರೆ ತಂಡ ಸೇರಿಕೊಂಡಿದ್ದಾನೆ, ಶನಿವಾರ ರಾತ್ರಿ ನಮ್ಮ ಜೊತೆಗೆ ಬರುತ್ತಾನೆ. ಉಳಿದ ಮೂವರು ಅನ್‌ರ‍್ಯಾಂಕ್ಡ್‌ಗೆ ಬದಲಾಗಿದ್ದೇವೆ.

ನನಗೆ ಯಾವುದು ಪ್ರಿಯ ಎಂದು ಹಾಸನದ ಸರ್ ಹುಡುಕಲು ಹೇಳಿದ್ದರು. ನನಗೆ ಗುಂಡು ಹಾರಿಸುವುದಕ್ಕಿಂತ ದಾರಿ ಹೇಳುವುದು ಇಷ್ಟ ಎಂದು ಗೊತ್ತಾಯಿತು: ನಕ್ಷೆ ನೋಡಿ, ಝೋನ್ (ಆಟ ಮುಂದುವರಿದಂತೆ ಕಿರಿದಾಗುವ ಸುರಕ್ಷಿತ ವಲಯ) ಎತ್ತ ಸರಿಯುತ್ತದೆಂದು ಅಂದಾಜು ಮಾಡಿ, ಯಾವ ಸೇತುವೆ ತಪ್ಪಿಸಿ ಯಾವ ಗುಡ್ಡ ಬಳಸಿ ಹೋಗಬೇಕೆಂದು ಹೇಳುವುದು. ಕೊಪ್ಪದವನು ಜೀಪು ಓಡಿಸುತ್ತಾನೆ. ನೆಟ್‌ವರ್ಕ್ ಹೋಗಿ ಅವನು ನಡುದಾರಿಯಲ್ಲಿ ನಿಂತುಬಿಟ್ಟರೆ ನಾವೂ ಇಳಿದು ಅಲ್ಲೇ ಕಾವಲು ಕಾಯುತ್ತೇವೆ. ಮೊನ್ನೆ ಹಾಗೆ ಕಾಯುವಾಗ ಮೂವರೂ ಸತ್ತೆವು. ಅವನು ಮರಳಿ ಬಂದ ಮೇಲೆ ಇನ್ನೊಂದು ಮ್ಯಾಚ್ ಹಾಕಿದೆವು.

ಸಕಲೇಶಪುರದ ಮೇಡಂಗೆ ಒಂದು ಪ್ರಶ್ನೆ: ಸ್ಟಾರ್‌ಡ್ಯೂ ವ್ಯಾಲಿಯನ್ನು ಫೋನಿನಲ್ಲಿ ಆಡಿದರೆ ತೊಂದರೆಯಿದೆಯೇ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆಯೇ?

ಉತ್ತರ
ಕಾಫಿ ಹೂವು (ಸಕಲೇಶಪುರ):

ಫೋನಿನಲ್ಲಿ ಸಿಗುತ್ತದೆ. ಒಮ್ಮೆ ಹಣ ಕೊಟ್ಟು ಕೊಂಡರೆ ಸಾಕು, ಒಳಗೆ ಮತ್ತೆ ಕೊಳ್ಳುವುದು ಏನೂ ಇಲ್ಲ, ಜಾಹೀರಾತೂ ಇಲ್ಲ. ಇಳಿಸಿಕೊಂಡ ಮೇಲೆ ಒಬ್ಬರೇ ಆಡಲು ಇಂಟರ್ನೆಟ್ ಬೇಕಾಗುವುದಿಲ್ಲ. ಮಳೆಗಾಲಕ್ಕೆ ನಿಮ್ಮ ಕೊಪ್ಪದ ಗೆಳೆಯರಿಗೂ ಅನುಕೂಲ.